ಪ್ರೊಸ್ಟೇಟ್ ಆಪರೇಷನ್ ನಂತರದ ಪೆಲ್ವಿಕ್ ಫ್ಲೋರ್ ಥೆರಪಿ: ಮಂಗಳೂರಿನಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಪ್ರೊಸ್ಟೇಟ್ ಕ್ಯಾನ್ಸರ್‌ಗೆ ಗ್ರಂಥಿಯನ್ನೇ ತೆಗೆದುಹಾಕಿ, ಒಂದೆರಡು ವಾರದಲ್ಲಿ ಮೂತ್ರದ ಪೈಪೂ ಹೊರಬಂದ ದಿನ ರೋಗಿಯ ಕೈಗೆ ಒಂದು ಹಾಳೆ ಸಿಗುತ್ತದೆ. ‘ಕೆಗೆಲ್ ವ್ಯಾಯಾಮ, ದಿನಕ್ಕೆ ಮೂರು ಸಲ’ ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಪೆಲ್ವಿಕ್ ಫ್ಲೋರ್, ಅಂದರೆ ಮೂತ್ರಕೋಶವನ್ನು ಕೆಳಗಿನಿಂದ ಆತುಕೊಂಡಿರುವ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿದು ಬಿಡುವ ವ್ಯಾಯಾಮ ಅದು. ಯಾವ ಸ್ನಾಯು, ಎಷ್ಟು ಬಿಗಿ, ಉಸಿರು ಹೇಗೆ ಎನ್ನುವುದು ಮಾತ್ರ ಇರುವುದಿಲ್ಲ. ಮನೆಗೆ ಬಂದು ಕುರ್ಚಿಯಿಂದ ಎದ್ದರೆ ಸೋರುತ್ತದೆ, ಸೀನಿದರೆ ಸೋರುತ್ತದೆ, ಸಂಜೆಯಾದರೆ ನಿಂತಲ್ಲೇ ಸೋರುತ್ತದೆ. ಇದಕ್ಕೂ ಫಿಸಿಯೋಥೆರಪಿ ಉಂಟಂತೆ ಎಂದು ಯಾರೋ ಹೇಳುವುದು ಆಮೇಲೆ.

ಇಲ್ಲಿ ವಿಮರ್ಶೆಗೆ ಹಿಡಿದಿರುವುದು ಒಂದು ಕ್ಲಿನಿಕ್ಕನ್ನಲ್ಲ, ಆ ಸೇವೆಯನ್ನು ಮತ್ತು ಅದರ ಜತೆ ಮಾರಾಟವಾಗುವ ಸಾಮಾನುಗಳನ್ನು. ತೀರ್ಪು ಮೊದಲೇ ಹೇಳಿಬಿಡೋಣ. ಸರಿಯಾದ ಸ್ನಾಯು ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಿ ಹೇಳುವ ಮೊದಲ ಎರಡು ಮೂರು ಭೇಟಿಗೆ ಕೊಡುವ ದುಡ್ಡು ಸಾರ್ಥಕ. ಪರೀಕ್ಷೆಯೇ ಇಲ್ಲದೆ ಹತ್ತು ಸಿಟ್ಟಿಂಗ್ ‘ಕರೆಂಟ್’ ಕೊಡುವ ಪ್ಯಾಕೇಜು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಸೋರುವುದು ಯಾಕೆ ಎಂಬುದು ಗೊತ್ತಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಗಂಡಸರ ಮೂತ್ರದ ದಾರಿಗೆ ಎರಡು ಬಾಗಿಲು. ಒಂದು ಮೂತ್ರಕೋಶದ ಕುತ್ತಿಗೆಯಲ್ಲಿದೆ, ಅದು ನಮ್ಮ ಅಪ್ಪಣೆ ಕೇಳದೆ ತಾನೇ ಮುಚ್ಚಿಕೊಂಡಿರುತ್ತದೆ. ಇನ್ನೊಂದು ಪ್ರೊಸ್ಟೇಟಿನ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಸ್ನಾಯು, ಅದನ್ನು ನಾವು ಬೇಕೆಂದಾಗ ಬಿಗಿಯಬಹುದು. ಇವೆರಡರ ನಡುವೆ ಪ್ರೊಸ್ಟೇಟ್ ಕೂತಿರುತ್ತದೆ. ಗ್ರಂಥಿಯನ್ನು ಪೂರ್ತಿ ತೆಗೆದು ಮೂತ್ರಕೋಶವನ್ನು ಕೆಳಗೆಳೆದು ನಾಳಕ್ಕೆ ಹೊಲಿದಾಗ ಮೇಲಿನ ಬಾಗಿಲು ಹೆಚ್ಚುಕಡಿಮೆ ಹೋದ ಹಾಗೆಯೇ. ಅಲ್ಲಿಯವರೆಗೆ ಅರೆಕಾಲಿಕ ಕೆಲಸಕ್ಕಿದ್ದ ಕೆಳಗಿನ ಸ್ನಾಯು ಈಗ ಹಗಲಿಡೀ ಡ್ಯೂಟಿ ಮಾಡಬೇಕು. ಅದು ದಣಿಯುತ್ತದೆ. ಬೆಳಿಗ್ಗೆ ಒಣಗಿದ್ದು ಸಂಜೆ ಒದ್ದೆಯಾಗುವುದು ಇದಕ್ಕೇ. ಮಲಗಿದಾಗ ಭಾರ ಕಡಿಮೆ, ಆದ್ದರಿಂದ ಹೆಚ್ಚಿನವರಿಗೆ ಮೊದಲು ರಾತ್ರಿ ನಿಲ್ಲುತ್ತದೆ, ಹಗಲು ಆಮೇಲೆ.

ವಯಸ್ಸಿನಿಂದ ಗ್ರಂಥಿ ದಪ್ಪವಾಗಿ ಒಳಗಿನಿಂದ ಕೆರೆದು ತೆಗೆಸಿಕೊಂಡವರ, ಅಂದರೆ ಟಿಯುಆರ್‌ಪಿ ಆದವರ ಕಥೆ ಬೇರೆ. ಅವರಿಗೆ ಕೆಲವು ವಾರ ಅವಸರದ ಮೂತ್ರ ಕಾಡುತ್ತದೆ. ಬಾತ್‌ರೂಮ್ ಮುಟ್ಟುವ ಮೊದಲೇ ಹನಿ ಬೀಳುತ್ತದೆ. ಅಲ್ಲಿ ಬೇಕಾದ್ದು ಮೂತ್ರಕೋಶಕ್ಕೆ ತಾಳ್ಮೆ ಕಲಿಸುವ ತರಬೇತಿ. ಎರಡಕ್ಕೂ ಒಂದೇ ಹಾಳೆ ಕೊಡುವ ಜಾಗವಾದರೆ ಅಲ್ಲಿಂದ ಎದ್ದು ಬರಬಹುದು.

ಈಗ ಮೊದಲ ಭೇಟಿ. ಮುಕ್ಕಾಲು ಗಂಟೆಯಾದರೂ ಬೇಕು. ಅದರಲ್ಲಿ ಅರ್ಧ ಹೊತ್ತು ಬರೀ ಪ್ರಶ್ನೆ: ಆಪರೇಷನ್ ಯಾವ ತಾರೀಕು, ಪೈಪ್ ತೆಗೆದದ್ದು ಯಾವಾಗ, ರೇಡಿಯೇಷನ್ ಆಗಿದೆಯೇ, ದಿನಕ್ಕೆ ಎಷ್ಟು ಪ್ಯಾಡ್, ಧಾರೆ ಹೇಗಿದೆ, ಮಲಬದ್ಧತೆ ಇದೆಯೇ, ಪೇಸ್‌ಮೇಕರ್ ಇದೆಯೇ. ಒಳ್ಳೆಯ ಥೆರಪಿಸ್ಟ್ ಮೂರು ದಿನದ ‘ಮೂತ್ರದ ಡೈರಿ’ ಕೇಳುತ್ತಾರೆ: ಎಷ್ಟು ಗಂಟೆಗೆ ಏನು ಕುಡಿದದ್ದು, ಎಷ್ಟು ಗಂಟೆಗೆ ಎಷ್ಟು ಎಂಎಲ್ ಹೋದದ್ದು, ಯಾವಾಗ ಸೋರಿದ್ದು. ಗೆರೆ ಇರುವ ಒಂದು ಪ್ಲಾಸ್ಟಿಕ್ ಜಗ್ ಬಾತ್‌ರೂಮಿನಲ್ಲಿಟ್ಟರೆ ಆಯಿತು. ಒಂದು ಸಲಕ್ಕೆ 300ರಿಂದ 400 ಎಂಎಲ್ ಹೋದರೆ ಮೂತ್ರಕೋಶ ಸರಿಯಾಗಿ ತುಂಬುತ್ತಿದೆ ಎಂದರ್ಥ. ಪ್ರತಿ ಸಲ 80, 100 ಎಂಎಲ್ ಮಾತ್ರವಾದರೆ ಸೋರುತ್ತದೆಂಬ ಹೆದರಿಕೆಗೆ ಅರ್ಧರ್ಧ ಗಂಟೆಗೆ ಹೋಗಿ ಬರುವ ಅಭ್ಯಾಸ ಹತ್ತಿದೆ, ಅದನ್ನು ಬಿಡಿಸಬೇಕು.

ಪ್ಯಾಡ್ ಎಣಿಕೆಗಿಂತ ತೂಕ ನಂಬಿಕೆಯದು. ಒಬ್ಬರು ಎರಡು ಹನಿಗೇ ಬದಲಾಯಿಸುತ್ತಾರೆ, ಇನ್ನೊಬ್ಬರು ಜೋತುಬೀಳುವವರೆಗೆ ಬಿಡುತ್ತಾರೆ. ಒಂದು ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಣ ಪ್ಯಾಡ್ 25 ಗ್ರಾಂ ಇದ್ದು, 24 ಗಂಟೆಯಲ್ಲಿ ಐದು ಬಳಸಿ, ಗಂಟು ಕಟ್ಟಿದ ಕವರಿನಲ್ಲಿಟ್ಟ ಒದ್ದೆ ಪ್ಯಾಡುಗಳ ಒಟ್ಟು ತೂಕ 425 ಗ್ರಾಂ ಬಂದರೆ, 125 ಕಳೆದು ಉಳಿದ 300 ಗ್ರಾಂ ಎಂದರೆ ಸುಮಾರು 300 ಎಂಎಲ್ ಸೋರಿಕೆ. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ ಬೆವರೂ ಕೆಲವು ಗ್ರಾಂ ಸೇರಿಕೊಳ್ಳುತ್ತದೆ, ತೀರಾ ಚಿಕ್ಕ ಏರುಪೇರಿಗೆ ತಲೆಕೆಡಿಸಿಕೊಳ್ಳಬೇಡಿ. ಎರಡು ವಾರಕ್ಕೊಮ್ಮೆ ಹೀಗೆ ತೂಗಿ ಬರೆದಿಟ್ಟರೆ ಥೆರಪಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಯಾರನ್ನೂ ಕೇಳಬೇಕಿಲ್ಲ.

ಇನ್ನು ಸ್ನಾಯು ಹುಡುಕುವುದು. ಫೀಸು ಕೊಡುವುದೇ ಇದಕ್ಕೆ. ‘ಮಲ ತಡೆಯುವಂತೆ ಬಿಗಿ ಹಿಡಿಯಿರಿ’ ಎಂದು ಹೇಳಿಕೊಡುವವರೇ ಜಾಸ್ತಿ. ಹಾಗೆ ಹಿಡಿದರೆ ಮುಖ್ಯವಾಗಿ ಬಿಗಿಯಾಗುವುದು ಗುದದ್ವಾರದ ಸ್ನಾಯು. ಸೋರುತ್ತಿರುವುದು ಮುಂದಿನ ನಲ್ಲಿ, ನಾವು ತಿರುಗಿಸುತ್ತಿರುವುದು ಹಿಂದಿನದನ್ನು. ಆಸ್ಟ್ರೇಲಿಯಾದ ಸಂಶೋಧಕರು ಗಂಡಸರಿಗೆ ಬೇರೆ ಬೇರೆ ಮಾತಿನಲ್ಲಿ ಸೂಚನೆ ಕೊಟ್ಟು ಸ್ಕ್ಯಾನಿನಲ್ಲಿ ನೋಡಿದಾಗ, ಮೂತ್ರನಾಳದ ಸ್ನಾಯು ಚೆನ್ನಾಗಿ ಬಿಗಿಯಾದದ್ದು ‘ಶಿಶ್ನವನ್ನು ಗಿಡ್ಡ ಮಾಡಿ ಒಳಗೆಳೆದುಕೊಳ್ಳಿ’ ಎಂದಾಗ. ಕುತ್ತಿಗೆ ಮಟ್ಟದ ತಣ್ಣೀರಿಗೆ ಇಳಿಯುವಾಗ ಎಲ್ಲ ಮುದುಡಿ ಒಳಗೆ ಸೇರುತ್ತದಲ್ಲ, ಆ ಭಾವನೆ. ‘ವೃಷಣಗಳನ್ನು ಮೆಲ್ಲಗೆ ಮೇಲೆತ್ತಿ’ ಎಂದರೂ ಕೆಲವರಿಗೆ ಬೇಗ ಹೊಳೆಯುತ್ತದೆ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ನೋಡಿ: ಬುಡ ಒಳಗೆ ಸರಿಯಬೇಕು, ವೃಷಣ ತುಸು ಏರಬೇಕು, ಹೊಟ್ಟೆ, ತೊಡೆ, ಕುಂಡೆ ಮೂರೂ ಅಲುಗಬಾರದು, ಮಾತಾಡುತ್ತ ಮಾತಾಡುತ್ತ ಹಿಡಿದಿಡಲು ಆಗಬೇಕು.

ಯೋಗ ಮಾಡುವವರು ‘ನಾನು ದಿನಾ ಅಶ್ವಿನಿ ಮುದ್ರೆ ಮಾಡುತ್ತೇನಲ್ಲ’ ಎನ್ನುತ್ತಾರೆ. ಅದು ಗುದದ್ವಾರವನ್ನು ಸಂಕುಚಿಸಿ ಬಿಡುವ ಕ್ರಿಯೆ. ಒಳ್ಳೆಯದೇ, ಆದರೆ ಈ ಕೆಲಸಕ್ಕೆ ಬದಲಿಯಲ್ಲ.

ಥೆರಪಿಸ್ಟ್ ಇದನ್ನು ಕಣ್ಣಿನಿಂದ ನೋಡಿ, ವೃಷಣ ಚೀಲದ ಹಿಂದಿನ ಜಾಗದಲ್ಲಿ ಬೆರಳಿಟ್ಟು, ಬೇಕಾದರೆ ಗುದದ್ವಾರದ ಮೂಲಕ ಪರೀಕ್ಷಿಸಿ ಖಚಿತಪಡಿಸುತ್ತಾರೆ. ಒಳಪರೀಕ್ಷೆಗೆ ಸರ್ಜನ್ ಒಪ್ಪಿಗೆ ಬೇಕು. ಒಳಗಿನ ಹೊಲಿಗೆ ಮಾಗುವ ಮೊದಲ ಆರು ವಾರ ಅದನ್ನು ಬಿಡುವುದೇ ವಾಡಿಕೆ, ಅಲ್ಲಿಯವರೆಗೆ ಹೊರಗಿನಿಂದ ನೋಡಿದರೆ ಸಾಕು. ಮುಜುಗರ ಸಹಜ, ಪರದೆ, ಹೊದಿಕೆ, ಬೇಕಿದ್ದರೆ ಜತೆಗೆ ಮನೆಯವರು, ಇವು ಕೇಳಿ ಪಡೆಯುವಂಥವು. ಬಟ್ಟೆಯ ಮೇಲಿಂದಲೇ ‘ಮಾಡಿ ಅಂಕಲ್, ಹಾಂ, ಸರಿ ಉಂಟು’ ಎಂದು ಮುಗಿಸಿದರೆ ಏನು ನೋಡಿ ಸರಿ ಎಂದರು ಮಾರಾಯ್ರೆ?

ಈ ವ್ಯಾಯಾಮಕ್ಕೆ ಹೆಸರು ಬಂದದ್ದು ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೆಗೆಲ್ ಅವರಿಂದ. 1948ರಲ್ಲಿ ಅವರು ಇದನ್ನು ಪ್ರಕಟಿಸಿದ್ದು ಹೆರಿಗೆಯಾದ ಮಹಿಳೆಯರಿಗಾಗಿ, ಜತೆಗೆ ಹಿಡಿತವನ್ನು ಅಳೆದು ತೋರಿಸುವ ಪೆರಿನಿಯೋಮೀಟರ್ ಎಂಬ ಉಪಕರಣವನ್ನೂ ಇಟ್ಟುಕೊಂಡಿದ್ದರು. ಅಳೆಯುವ ಭಾಗ ಕಳಚಿಬಿದ್ದು ‘ಬಿಗಿ ಹಿಡಿಯಿರಿ’ ಎಂಬುದಷ್ಟೇ ನಮ್ಮ ಹಾಳೆಗಳಲ್ಲಿ ಉಳಿಯಿತು.

ಪ್ರಮಾಣ ಹೀಗಿರುತ್ತದೆ. ಪೈಪ್ ಒಳಗಿರುವಾಗ ವ್ಯಾಯಾಮ ಬೇಡ. ತೆಗೆದ ಮೇಲೆ ಮಂಡಿ ಮಡಚಿ ಅಂಗಾತ ಮಲಗಿ ಶುರು: ಅರ್ಧ ಬಲದಲ್ಲಿ ಐದು ಸೆಕೆಂಡ್ ಹಿಡಿತ, ಹತ್ತು ಸೆಕೆಂಡ್ ಪೂರ್ತಿ ಸಡಿಲ, ಹೀಗೆ ಹತ್ತು ಸಲ. ಆಮೇಲೆ ಜೋರಾಗಿ ಒಂದೊಂದೇ ಸೆಕೆಂಡಿನ ಹತ್ತು ಹಿಡಿತ. ದಿನಕ್ಕೆ ಮೂರು ಸುತ್ತು. ವಾರ ಕಳೆದಂತೆ ಹಿಡಿತವನ್ನು ಹತ್ತು ಸೆಕೆಂಡಿಗೆ ಏರಿಸಿ, ಮಲಗಿ ಮಾಡಿದ್ದನ್ನು ಕೂತು, ನಿಂತು, ನಡೆಯುತ್ತ ಮಾಡಬೇಕು. ತಿಂಗಳುಗಟ್ಟಲೆ ಮಲಗಿಯೇ ಮಾಡುವುದು ಸಾಮಾನ್ಯ ತಪ್ಪು. ಮಲಗಿದಾಗ ಯಾರಿಗೂ ಅಷ್ಟಾಗಿ ಸೋರುವುದಿಲ್ಲ, ಸೋರುವುದು ನಿಂತಾಗ. ಇನ್ನೊಂದು, ಕೆಮ್ಮು, ಸೀನು, ಏಳುವುದು, ಕೊಡ ಎತ್ತುವುದು, ಇವುಗಳಿಗೆ ಒಂದು ಕ್ಷಣ ಮುಂಚೆ ಬಿಗಿಹಿಡಿದು, ಕೆಲಸ ಮುಗಿದ ಮೇಲೆ ಬಿಡುವುದು. ನೂರು ಸಲ ಸುಮ್ಮನೆ ಹಿಡಿಯುವುದಕ್ಕಿಂತ ಸರಿಯಾದ ಹೊತ್ತಿಗೆ ಹಿಡಿಯುವ ಈ ಹತ್ತು ಸಲ ಮೇಲು.

ಕೆಡುವುದು ಎಲ್ಲಿ? ಉಸಿರು ಕಟ್ಟುವಲ್ಲಿ. ಉಸಿರು ಕಟ್ಟಿ ತಿಣುಕಿದರೆ ಹೊಟ್ಟೆಯ ಒತ್ತಡ ಕೆಳಗೆ ತಳ್ಳುತ್ತದೆ, ಮೇಲೆತ್ತಬೇಕಾದ ತಳವನ್ನೇ ಕೆಳಗೊತ್ತಿದ ಹಾಗೆ. ವ್ಯಾಯಾಮ ಮಾಡುವಾಗಲೇ ಹನಿ ಬೀಳುತ್ತಿದ್ದರೆ ಇದೇ ಕಾರಣ. ಎರಡನೆಯದು ಅತಿ ಉತ್ಸಾಹ. ಬೇಗ ವಾಸಿಯಾಗಲೆಂದು ದಿನಕ್ಕೆ ಮುನ್ನೂರು ಸಲ ಮಾಡಿದವರಿಗೆ ಸಂಜೆ ಸೋರಿಕೆ ಜಾಸ್ತಿಯಾಗುತ್ತದೆ, ಕೆಲವರಿಗೆ ವೃಷಣದ ಹಿಂದೆ ನೋವು ಹಿಡಿಯುತ್ತದೆ. ಅಂಥವರಿಗೆ ಸಡಿಲಿಸುವುದನ್ನು ಮೊದಲು ಕಲಿಸಬೇಕು. ಮೂರನೆಯದು, ಮೂತ್ರ ಹೊಯ್ಯುತ್ತ ನಡುವೆ ನಿಲ್ಲಿಸಿ ನಿಲ್ಲಿಸಿ ‘ಪ್ರಾಕ್ಟೀಸ್’ ಮಾಡುವುದು. ಸ್ನಾಯು ಯಾವುದೆಂದು ತಿಳಿಯಲು ಒಂದೆರಡು ಸಲ ಸರಿ, ದಿನಚರಿಯಾದರೆ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ಹೊಯ್ದು ಮುಗಿಸಿ ನಾಲ್ಕು ಹೆಜ್ಜೆ ಇಟ್ಟ ಮೇಲೆ ಬೀಳುವ ಹನಿಗೆ ಕೆಗೆಲ್ ಜತೆಗೆ ಇನ್ನೊಂದು ಉಪಾಯ ಉಂಟು. ವೃಷಣ ಚೀಲದ ಹಿಂದೆ ಮೂರು ಬೆರಳಿಟ್ಟು ಮುಂದಕ್ಕೆ, ಮೇಲಕ್ಕೆ ಮೆಲ್ಲಗೆ ಒತ್ತಿ ತಂದರೆ ನಾಳದಲ್ಲಿ ಉಳಿದದ್ದು ಹೊರಬರುತ್ತದೆ. ಎರಡು ನಿಮಿಷದ ಪಾಠ, ಪ್ಯಾಂಟಿನ ಕಲೆಯನ್ನು ಎಷ್ಟೋ ಕಡಿಮೆ ಮಾಡುತ್ತದೆ.

ಯಂತ್ರಗಳ ವಿಷಯಕ್ಕೆ ಬಂದರೆ, ನಮ್ಮ ಕಡೆ ‘ಫಿಸಿಯೋಗೆ ಹೋಗುವುದು’ ಎಂದರೆ ‘ಕರೆಂಟ್ ಇಡಿಸಿಕೊಳ್ಳುವುದು’ ಎಂಬ ಅರ್ಥವೇ ಬಂದುಬಿಟ್ಟಿದೆ. ಸೋರಿಕೆಗೂ ವಿದ್ಯುತ್ ಪ್ರಚೋದನೆ ಕೊಡುತ್ತಾರೆ, ಕೆಮ್ಮಿದಾಗ ಸೋರುವವರಿಗೆ ಸಾಮಾನ್ಯವಾಗಿ 35ರಿಂದ 50 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಮಿಡಿತ), ಅವಸರದ ಮೂತ್ರಕ್ಕೆ ಇನ್ನೂ ಕಡಿಮೆ. ಸ್ನಾಯುವೇ ಸಿಗದೆ ಒದ್ದಾಡುವವರಿಗೆ ಅದೊಂದು ಸುಳಿವು ಕೊಡಬಹುದು. ತಾನಾಗಿ ಸರಿಯಾಗಿ ಬಿಗಿಯಬಲ್ಲವರಿಗೆ ವ್ಯಾಯಾಮದ ಮೇಲೆ ಅದರಿಂದ ಹೆಚ್ಚಿನ ಲಾಭವಿದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಪೇಸ್‌ಮೇಕರ್ ಇದ್ದರೆ, ಮೂತ್ರದ ಸೋಂಕಿದ್ದರೆ ಬೇಡ. ಕ್ಯಾನ್ಸರ್ ಆಪರೇಷನ್ ಆದವರು ಸರ್ಜನ್ ಒಪ್ಪದೆ ಹತ್ತಿರ ಹೋಗಬೇಡಿ.

ಬಯೋಫೀಡ್‌ಬ್ಯಾಕ್ ಅದಕ್ಕಿಂತ ವಾಸಿ: ಬಿಗಿದಷ್ಟೂ ಪರದೆಯಲ್ಲಿ ಗೆರೆ ಏರುತ್ತದೆ. ಆದರೆ ಹಿಡಿತ ಅಳೆಯುವ ಪ್ಯಾಚ್ ಅಂಟಿಸುವುದು ಗುದದ್ವಾರದ ಪಕ್ಕ, ಪ್ರೋಬ್ (ಕಡ್ಡಿಯಂಥ ಸಾಧನ) ಆದರೆ ಒಳಗೆ. ಹಿಂದಿನ ಸ್ನಾಯು ಬಿಗಿದರೂ ಗೆರೆ ಏರಿಬಿಡುತ್ತದೆ, ಬರೀ ಗೆರೆ ನೋಡಿ ಖುಷಿಪಟ್ಟರೆ ತಪ್ಪು ಪಾಠ ಗಟ್ಟಿಯಾಗುತ್ತದೆ. ಮುಂದಿನ ಸ್ನಾಯುವನ್ನು ನೇರ ತೋರಿಸುವುದು ಅಲ್ಟ್ರಾಸೌಂಡ್ ಸ್ಕ್ಯಾನ್. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಿಂದಾಗಿ ನಮ್ಮಲ್ಲಿ ಸ್ಕ್ಯಾನ್ ಯಂತ್ರಕ್ಕೆ ನೋಂದಣಿ, ಬಳಸುವವರ ಅರ್ಹತೆ ಎಲ್ಲವೂ ಬಿಗಿ. ಹಾಗಾಗಿ ಸಾಮಾನ್ಯ ಫಿಸಿಯೋ ಕ್ಲಿನಿಕ್ಕಿನಲ್ಲಿ ಅದನ್ನು ನಿರೀಕ್ಷಿಸಬೇಡಿ. ಅಲ್ಲಿ ‘ಅಲ್ಟ್ರಾಸೌಂಡ್’ ಎಂದರೆ ಮೊಣಕಾಲು ನೋವಿಗೆ ಜೆಲ್ ಹಚ್ಚಿ ಉಜ್ಜುವ ಬೇರೆ ಯಂತ್ರ. ಬಟ್ಟೆ ಹಾಕಿಕೊಂಡೇ ಕೂರುವ, ಕಾಂತಶಕ್ತಿಯಿಂದ ಸ್ನಾಯುವನ್ನು ಬಿಗಿಸುವ ಮ್ಯಾಗ್ನೆಟಿಕ್ ಕುರ್ಚಿಯ ಜಾಹೀರಾತೂ ಕಾಣುತ್ತದೆ. ಕೂತು ಎದ್ದವರಿಗೆ ಸರಿಯಾದ ಹೊತ್ತಿಗೆ ಬಿಗಿಯುವುದನ್ನು ಆ ಕುರ್ಚಿ ಕಲಿಸುವುದಿಲ್ಲ.

ಥೆರಪಿಯಿಂದ ನಿಜವಾಗಿ ಎಷ್ಟು ಲಾಭ? ಬೆಲ್ಜಿಯಂನಲ್ಲಿ 102 ಜನರ ಮೇಲೆ ನಡೆದು 2000ದಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಪೈಪ್ ತೆಗೆದ ಕೂಡಲೇ ಥೆರಪಿ ಶುರುಮಾಡಿದವರಲ್ಲಿ ಮೂರು ತಿಂಗಳಿಗೆ ಶೇ. 88 ಮಂದಿಗೆ ಸೋರಿಕೆ ನಿಂತಿತ್ತು, ಇನ್ನೊಂದು ಗುಂಪಿನಲ್ಲಿ ಶೇ. 56. ಅದೇ ಪತ್ರಿಕೆಯಲ್ಲಿ 2011ರಲ್ಲಿ ಬಂದ ಬ್ರಿಟನ್ನಿನ ದೊಡ್ಡ ಅಧ್ಯಯನ ತಣ್ಣೀರೆರಚಿತು: ಆಪರೇಷನ್ ಆಗಿ ಆರು ವಾರಕ್ಕೂ ಸೋರುತ್ತಿದ್ದವರಿಗೆ ಮೂರು ತಿಂಗಳಲ್ಲಿ ನಾಲ್ಕು ಭೇಟಿ ಕೊಟ್ಟು, ಒಂದು ವರ್ಷದ ಕೊನೆಗೆ ನೋಡಿದರೆ ಥೆರಪಿ ಗುಂಪಿನಲ್ಲಿ ಶೇ. 76, ಇಲ್ಲದ ಗುಂಪಿನಲ್ಲಿ ಶೇ. 77 ಮಂದಿಗೆ ಇನ್ನೂ ಸ್ವಲ್ಪವಾದರೂ ಸೋರುತ್ತಿತ್ತು. ಎರಡನ್ನೂ ಜತೆಗಿಟ್ಟು ಓದಿದರೆ ಸಿಗುವ ಅರ್ಥ ಇಷ್ಟು: ಬೇಗ ಶುರುಮಾಡಿದರೆ ಬೇಗ ಒಣಗುವ ಸಾಧ್ಯತೆ ಹೆಚ್ಚು, ವರ್ಷದ ಕೊನೆಗೆ ಅಂತರ ಸವೆಯುತ್ತದೆ. ಮೊದಲ ಮೂರು ತಿಂಗಳು ಮನೆಯಿಂದ ಹೊರಗೆ ಕಾಲಿಡಲು ಹೆದರುವವರಿಗೆ ಆ ಬೇಗ ಎನ್ನುವುದೇ ದೊಡ್ಡದು. ‘ನೂರಕ್ಕೆ ನೂರು ಗ್ಯಾರಂಟಿ’ ಎನ್ನುವ ಬೋರ್ಡು ಕಂಡರೆ ಮಾತ್ರ ಈ 76, 77 ನೆನಪಿರಲಿ. ಆಪರೇಷನ್ ದಿನ ಗೊತ್ತಾದವರು ಮೂರು ನಾಲ್ಕು ವಾರ ಮುಂಚೆಯೇ ಒಂದು ಭೇಟಿ ಕೊಟ್ಟು ಸ್ನಾಯು ಗುರುತು ಮಾಡಿಕೊಂಡರೆ ಇನ್ನೂ ಸಲೀಸು. ನೋವಿಲ್ಲದಾಗ ಕಲಿತದ್ದು ಕೈಹಿಡಿಯುತ್ತದೆ.

ಪ್ಯಾಡಿನ ಅಂಗಡಿ ಮಾತು. ಮೆಡಿಕಲ್‌ನಲ್ಲಿ ಕೇಳಿದೊಡನೆ ಸಿಗುವುದು ದೊಡ್ಡವರ ಡೈಪರ್. ಮೊದಲ ವಾರಕ್ಕೆ, ರಾತ್ರಿಗೆ, ದೂರ ಪ್ರಯಾಣಕ್ಕೆ ಪ್ಯಾಂಟಿನಂತೆ ಎಳೆದು ಹಾಕುವ ಜಾತಿಯದು ಸರಿ. ಆಮೇಲೂ ಅದನ್ನೇ ಹಾಕಿಕೊಂಡರೆ ಸೆಕೆಗೆ ತೊಡೆಸಂದು ಕೆಂಪಾಗುತ್ತದೆ. ಗಂಡಸರಿಗೆಂದೇ ಇರುವ ಚೀಲದಾಕಾರದ ಪ್ಯಾಡ್ ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ, ತರಿಸಿಕೊಡಿ ಎಂದು ಹೇಳಬೇಕಾಗುತ್ತದೆ. ಹೆಂಗಸರ ಪ್ಯಾಡ್ ಬದಲಿಯಾಗಿ ನಡೆಯುವುದಿಲ್ಲ, ಮೂತ್ರದಂತೆ ಒಮ್ಮೆಲೇ ಬರುವ ನೀರನ್ನು ಹೀರಲು ಅದನ್ನು ಮಾಡಿದ್ದಲ್ಲ. ಲುಂಗಿ, ಪಂಚೆಯವರು ಒಳಗೆ ಬಿಗಿಯಾದ ಬ್ರೀಫ್ ಹಾಕಲೇಬೇಕು. ಸಡಿಲ ಚಡ್ಡಿಯಲ್ಲಿ ಪ್ಯಾಡ್ ಒಂದು ಕಡೆ, ಸೋರುವುದು ಇನ್ನೊಂದು ಕಡೆ. ಜೂನ್, ಜುಲೈಯಲ್ಲಿ ಬಟ್ಟೆ ಒಣಗದ ಊರಿದು, ಆರೇಳು ಬ್ರೀಫ್ ಹೆಚ್ಚಿಗೆ ಇರಲಿ. ಬಳಸಿದ್ದನ್ನು ಟಾಯ್ಲೆಟ್ಟಿಗೆ ಹಾಕಬೇಡಿ, ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಕೊಡಿ. ಶಿಶ್ನಕ್ಕೆ ಹಾಕುವ ಕ್ಲಾಂಪ್ ಆನ್‌ಲೈನಿನಲ್ಲಿ ಸಿಗುತ್ತದೆ. ವೈದ್ಯರನ್ನು ಕೇಳದೆ ಬೇಡ. ಹಾಕಿದರೂ ಗಂಟೆ, ಎರಡು ಗಂಟೆಗೊಮ್ಮೆ ಬಿಚ್ಚಬೇಕು, ರಾತ್ರಿ ಹಾಕಿ ಮಲಗಲೇಬಾರದು.

ನೀರು ಕಡಿಮೆ ಮಾಡಿದರೆ ಸೋರಿಕೆಯೂ ಕಡಿಮೆ ಎಂಬ ಲೆಕ್ಕ ಬಹಳ ಜನರದ್ದು. ಮೂತ್ರ ಗಟ್ಟಿಯಾದರೆ ಮೂತ್ರಕೋಶ ಕೆರಳುತ್ತದೆ, ಮಲವೂ ಗಟ್ಟಿಯಾಗುತ್ತದೆ, ತಿಣುಕಿದರೆ ತಳದ ಮೇಲೆ ಒತ್ತಡ. ದಿನಕ್ಕೆ ಒಂದೂವರೆ, ಎರಡು ಲೀಟರ್ ಬೇಕು, ಬೆವರುವ ದಿನ ಇನ್ನೂ ಸ್ವಲ್ಪ. ಹೃದಯ, ಕಿಡ್ನಿ ತೊಂದರೆಯವರು ತಮ್ಮ ವೈದ್ಯರ ಮಾತಿನಂತೆ. ಕುಚ್ಚಲಕ್ಕಿ ಗಂಜಿ ಉಣ್ಣುವವರು ಅದರ ತಿಳಿಯನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ರಾತ್ರಿ ಗಂಜಿ ಉಂಡು ಎರಡು ಸಲ ಏಳುವವರಿಗೆ ಅದನ್ನು ಬೆಳಗಿಗೆ ಬದಲಾಯಿಸಿದರೆ ಸಾಕಾಗುವುದುಂಟು. ಬಸಳೆ, ಹರಿವೆ ಧಾರಾಳ ತಿನ್ನಿ. ಚಾ, ಕಾಫಿ ಎರಡು ಲೋಟಕ್ಕೆ ನಿಲ್ಲಿಸಿ ನೋಡಿ, ಅವಸರ ಇಳಿಯುತ್ತದೆ.

ಒಳ್ಳೆಯ ಥೆರಪಿಸ್ಟ್ ನಿಮ್ಮ ದಿನಚರಿಯ ಚಲನೆಗಳನ್ನೇ ಕ್ಲಿನಿಕ್ಕಿನಲ್ಲಿ ಮಾಡಿಸುತ್ತಾರೆ. ದೇವಸ್ಥಾನದ ಪಂಕ್ತಿಯಲ್ಲಿ ನೆಲದಿಂದ ಏಳುವುದು: ಒಂದು ಮಂಡಿ ಊರಿ, ಮೊದಲು ಬಿಗಿದು, ಉಸಿರು ಬಿಡುತ್ತ ಏಳಬೇಕು. ನಮಾಜಿನ ಸಜ್ದಾದಿಂದ, ಇಗರ್ಜಿಯಲ್ಲಿ ಮೊಣಕಾಲೂರಿದಲ್ಲಿಂದ ಏಳುವುದಕ್ಕೂ ಇದೇ ಕ್ರಮ. ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವಾಗಲೂ ಅಷ್ಟೇ. ಭಾರ ಎತ್ತುವುದು, ಬೈಕು, ಸೈಕಲ್ ಸೀಟು ಮೊದಲ ಆರು ವಾರ ಬೇಡ, ಆಮೇಲೂ ಸರ್ಜನ್ ಕೇಳಿ. ಮಧ್ಯಾಹ್ನ ಇಪ್ಪತ್ತು ನಿಮಿಷ ಅಡ್ಡಾದರೆ ಸಂಜೆಯ ಸೋರಿಕೆ ತಗ್ಗುತ್ತದೆ. ದಣಿದ ಸ್ನಾಯುವಿಗೆ ಅಷ್ಟು ರಜೆ ಬೇಕು.

ಕೆಲವು ಲಕ್ಷಣಗಳಿಗೆ ಫಿಸಿಯೋ ಅಲ್ಲ, ಸರ್ಜನ್ನೇ ಬೇಕು: ಜ್ವರ, ಚಳಿ; ಮೂತ್ರದಲ್ಲಿ ರಕ್ತದ ಗಡ್ಡೆ; ಒಂದು ಕಾಲಿನ ಮೀನಖಂಡ ಊದಿ ನೋಯುವುದು; ಮೂತ್ರ ಪೂರ್ತಿ ಕಟ್ಟುವುದು. ಧಾರೆ ದಿನೇ ದಿನೇ ಸಣ್ಣಗಾಗುತ್ತ ಸೋರಿಕೆ ಹೆಚ್ಚುತ್ತಿದ್ದರೆ ಹೊಲಿಗೆಯ ಜಾಗ ಕಿರಿದಾಗಿ ಮೂತ್ರಕೋಶ ತುಂಬಿ ಹೊರಚೆಲ್ಲುತ್ತಿರಬಹುದು. ಅಲ್ಲಿ ಎಷ್ಟು ಕೆಗೆಲ್ ಮಾಡಿದರೂ ವ್ಯರ್ಥ. ವರ್ಷ ಕಳೆದರೂ ದಿನಕ್ಕೆ ಹಲವು ಪ್ಯಾಡ್ ಒದ್ದೆಯಾಗುತ್ತಿದ್ದರೆ ಸ್ಲಿಂಗ್ (ನಾಳವನ್ನು ಕೆಳಗಿನಿಂದ ಎತ್ತಿ ಹಿಡಿಯುವ ಪಟ್ಟಿ) ಅಥವಾ ಕೃತಕ ಸ್ಫಿಂಕ್ಟರ್ (ನಾಳವನ್ನು ಮುಚ್ಚುವ ಕೃತಕ ಬಾಗಿಲು) ಬಗ್ಗೆ ಮಾತಾಡಬೇಕು. ಎರಡನೆಯದಕ್ಕೆ ಮೂರು ಭಾಗ: ನಾಳ ಸುತ್ತುವ ಪಟ್ಟಿ, ಹೊಟ್ಟೆಯೊಳಗೆ ದ್ರವದ ಬಲೂನು, ವೃಷಣ ಚೀಲದಲ್ಲಿ ಒತ್ತುವ ಪಂಪು. ಹನ್ನೆರಡು ವಾರ ಸರಿಯಾಗಿ ಮಾಡಿಯೂ ತೂಕದ ಲೆಕ್ಕ ಕದಲದಿದ್ದರೆ ‘ಇನ್ನೂ ಹತ್ತು ಸಿಟ್ಟಿಂಗ್’ ಎನ್ನದೆ ಯುರಾಲಜಿಗೆ ಚೀಟಿ ಬರೆದುಕೊಡುವ ಥೆರಪಿಸ್ಟ್ ಪ್ರಾಮಾಣಿಕರು.

ಮಂಗಳೂರು, ದೇರಳಕಟ್ಟೆ, ಮಣಿಪಾಲದಲ್ಲಿ ಫಿಸಿಯೋಥೆರಪಿ ಕಾಲೇಜುಗಳಿಗೆ ಬರವಿಲ್ಲ, ಆದರೆ ಈ ವಿಭಾಗದ ಬೋರ್ಡಿನಲ್ಲಿ ‘ಮಹಿಳಾ ಆರೋಗ್ಯ’ ಎಂದಿರುವುದು ಮಾಮೂಲು, ಅದನ್ನು ಕಂಡು ಗಂಡಸರು ತಿರುಗಿ ಬರಬೇಕಿಲ್ಲ. ಫೋನಿನಲ್ಲೇ ಕೇಳಿ: ಪ್ರೊಸ್ಟೇಟ್ ಆಪರೇಷನ್ ಆದ ಗಂಡಸರನ್ನು ನೋಡುತ್ತೀರಾ? ಮೊದಲ ಭೇಟಿ ಎಷ್ಟು ಹೊತ್ತು? ಸ್ನಾಯುವನ್ನು ಹೇಗೆ ಪರೀಕ್ಷಿಸುತ್ತೀರಿ? ಪ್ರತಿ ಸಲಕ್ಕೆ ಫೀಸೋ, ಪ್ಯಾಕೇಜೇ ಕಡ್ಡಾಯವೋ? ಮೂರನೆಯ ಪ್ರಶ್ನೆಗೆ ‘ಮೆಷಿನ್ ಉಂಟು’ ಎಂಬ ಉತ್ತರವಷ್ಟೇ ಬಂದರೆ ಮುಂದಿನ ನಂಬರಿಗೆ ಫೋನ್ ಮಾಡಿ. ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಮೂರು ದಿನದ ಡೈರಿ, ಒಂದು ದಿನದ ಪ್ಯಾಡ್ ತೂಕ ಬರೆದ ಚೀಟಿ, ಬದಲಿಗೆ ಒಂದು ಬ್ರೀಫ್, ಎರಡು ಪ್ಯಾಡ್ ಬ್ಯಾಗಿನಲ್ಲಿರಲಿ. ಮೂತ್ರಕೋಶ ಅರ್ಧ ತುಂಬಿರುವಾಗ ಹೋಗಿ. ಖಾಲಿ ಮಾಡಿಕೊಂಡು ಹೋದರೆ ಕೆಮ್ಮಿಸಿ ನೋಡಿದರೂ ಏನೂ ಕಾಣುವುದಿಲ್ಲ.